ವೇದವಲ್ಲಿ ಉಜ್ಜಿದ ತಾಮ್ರದ ಸುರುಳಿ

ತ್ಸುಕುಬಾದಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಅಷ್ಟೂ ಮನೆಗಳಿಗೆ ವೇದವಲ್ಲಿ ಬೇಕಾದವಳು. ಯಾರ ಮಗುವಿಗೆ ಜ್ವರ ಬಂದರೂ ಮೊದಲ ಫೋನು ಅವಳಿಗೇ ಹೋಗುತ್ತದೆ. ಯುಗಾದಿ ಬಂತೆಂದರೆ ಸೈಕಲ್ ಬುಟ್ಟಿಯಲ್ಲಿ ಒಬ್ಬಟ್ಟಿನ ಡಬ್ಬಿ ಇಟ್ಟುಕೊಂಡು ಮನೆಮನೆಗೆ ಹಂಚುವವಳೂ ಅವಳೇ. ಇಷ್ಟೆಲ್ಲ ಬಳಕೆಯಿದ್ದರೂ ವಿಶ್ವವಿದ್ಯಾಲಯದಲ್ಲಿ ಅವಳು ಏನು ಕೆಲಸ ಮಾಡುತ್ತಾಳೆ ಎಂದು ಕೇಳಿ ನೋಡಿ, ನಮ್ಮವರಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿಲ್ಲ. "ಅದೇನೋ ತಾಮ್ರದ ಇಂಕಂತೆ" ಎನ್ನುತ್ತಾರೆ. ಆ ಇಂಕು ಅವಳ ಹೊಟ್ಟೆ ಉರಿಸಿದ ಪರಿ ಕೇಳಿದ ಮೇಲೆ ಸುಮ್ಮನಿರುವುದು ಯಾರಿಗಾದರೂ ಕಷ್ಟವೇ.

ವೇದವಲ್ಲಿ ಬೆಂಗಳೂರಿನ ನಗರ್ತಪೇಟೆಯವಳು. ಅಪ್ಪ ಪಾತ್ರೆ ಅಂಗಡಿಯೊಂದರಲ್ಲಿ ತಕ್ಕಡಿ ಹಿಡಿಯುತ್ತಿದ್ದ. ಅಮ್ಮ ಅದೇ ಅಂಗಡಿಯ ಹಿಂಬದಿಯಲ್ಲಿ ಕೂತು ಮಾಸಿದ ಹಂಡೆ, ಕೊಳಗ, ತಂಬಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಹೊಸದರಂತೆ ಮಾಡಿಕೊಡುತ್ತಿದ್ದಳು. ಒಬ್ಬಳೇ ಮಗಳು, ಓದಿನಲ್ಲಿ ಚುರುಕು. ರಸಾಯನಶಾಸ್ತ್ರ ಹಿಡಿದಳು, ಪಿಎಚ್‌ಡಿಗೆ ಸೇರಿದಳು. ಅಲ್ಲಿ ಪರಿಚಯವಾದವನು ರಘುನಂದನ್. ಇವಳಿಗಿಂತ ಸೀನಿಯರ್, ಮಾತಿನಲ್ಲಿ ಬೆಣ್ಣೆ, ಕೆಲಸದಲ್ಲಿ ಚಾಲಾಕು. ಇವಳ ಮೊದಲ ಪ್ರಬಂಧ ತಿದ್ದಿಕೊಟ್ಟವನು ಅವನು. ಇವಳ ಮದುವೆಯಲ್ಲಿ ಪಂಚೆ ಎತ್ತಿ ಕಟ್ಟಿ ಪಂಕ್ತಿಯುದ್ದಕ್ಕೂ ಸಾರು ಬಡಿಸಿದವನೂ ಅವನೇ. ಒಡಹುಟ್ಟಿದವರಿಲ್ಲದ ವೇದವಲ್ಲಿಗೆ ಅವನು ರಘು ಅಣ್ಣ. ಮುಂದೆ ಅವನು ಜಪಾನಿಗೆ ಬಂದ, ತ್ಸುಕುಬಾದಲ್ಲಿ ಕುರಾಮೋಚಿ ಎಂಬ ಪ್ರೊಫೆಸರರ ಲ್ಯಾಬಿನಲ್ಲಿ ದೊಡ್ಡ ಹೆಸರು ಮಾಡಿದ, ಆ ಹೆಸರಿನ ಬಲದಿಂದ ಬೆಂಗಳೂರಿನ ಕಾಲೇಜೊಂದರಲ್ಲಿ ಪ್ರೊಫೆಸರ್ ಆಗಿ ವಾಪಸು ಹೋದ. ಹೋಗುವಾಗ "ನನ್ನ ಜಾಗಕ್ಕೆ ವೇದವಲ್ಲಿಯನ್ನೇ ಕರೆಸಿಕೊಳ್ಳಿ" ಎಂದು ಶಿಫಾರಸು ಮಾಡಿ ಹೋದ. ಯಾರು ತಾನೇ ಅಷ್ಟು ಮಾಡುತ್ತಾರೆ ಹೇಳಿ? ವೇದವಲ್ಲಿಗೆ ಅವನೆಂದರೆ ದೇವರ ಸಮಾನ.

ಗಂಡ ಮುಕುಂದ ಸಾಫ್ಟ್‌ವೇರಿನವನು, ಟೋಕಿಯೋದ ಅಕಿಹಾಬಾರಾದಲ್ಲಿ ಕೆಲಸ ಹುಡುಕಿಕೊಂಡು ದಿನಾ ರೈಲಿನಲ್ಲಿ ಓಡಾಡತೊಡಗಿದ. ಮಗಳು ಹರ್ಷಿಣಿ ಅಲ್ಲಿನ ಶಾಲೆಗೆ ಸೇರಿ, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನಿಯಲ್ಲಿ ಉತ್ತರ ಕೊಡುವಷ್ಟು ದೊಡ್ಡವಳಾದಳು. ವೇದವಲ್ಲಿ ಸೈಕಲ್ ಕಲಿತಳು, ಗಿಂಕೋ ಮರಗಳ ಸಾಲಿನಲ್ಲಿ ಲ್ಯಾಬಿಗೆ ಹೋಗಿ ಬರತೊಡಗಿದಳು. ಎಲ್ಲವೂ ಚೆನ್ನಾಗಿಯೇ ಇತ್ತು, ಆ ಇಂಕು ಒಂದನ್ನು ಬಿಟ್ಟು.

ಆ ಇಂಕಿನ ಕೆಲಸ ಹೀಗೆ. ತಾಮ್ರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ತಯಾರಿಸುತ್ತಾರೆ, ನ್ಯಾನೋ ಕಣ ಎನ್ನುತ್ತಾರೆ. ಒಂದು ಕೂದಲಿನ ದಪ್ಪದೊಳಗೆ ಸಾವಿರ ಕಣ ಸಾಲಾಗಿ ನಿಂತಾವು. ಅಷ್ಟು ಸಣ್ಣದಾದ ಮೇಲೆ ತಾಮ್ರಕ್ಕೆ ತಾಮ್ರದ ಬುದ್ಧಿ ಉಳಿಯುವುದಿಲ್ಲ. ಗಾಳಿ ಸೋಕಿದರೆ ಕಪ್ಪಾಗುತ್ತದೆ, ಒಣಪುಡಿಯಾಗಿ ಬಿಟ್ಟರೆ ತಾನೇ ಹೊತ್ತಿಕೊಂಡರೂ ಹೊತ್ತಿಕೊಂಡೀತು. ಅದಕ್ಕೇ ನೈಟ್ರೋಜನ್ ತುಂಬಿದ ಗಾಜಿನ ಡಬ್ಬದೊಳಗೆ ರಬ್ಬರ್ ಗ್ಲೌಸಿನ ಮೂಲಕ ಕೈ ತೂರಿಸಿ, ಹಸುಗೂಸಿಗೆ ಎಣ್ಣೆ ಹಚ್ಚುವ ನಾಜೂಕಿನಲ್ಲಿ ಅದನ್ನು ಕಲಸಬೇಕು. ಆದರೆ ಅದಕ್ಕೊಂದು ಒಳ್ಳೆಯ ಗುಣವೂ ಉಂಟು. ತಾಮ್ರ ಕರಗಲು ಎಷ್ಟು ಕಾವು ಬೇಕೋ ಅದರ ಕಾಲುಭಾಗದಲ್ಲೇ ಈ ಕಣಗಳು ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಅಂದರೆ ಈ ಇಂಕನ್ನು ಸೂಜಿಯಂಥ ಕೊಳವೆಯಿಂದ ಚಕ್ಕುಲಿ ಒತ್ತಿದ ಹಾಗೆ ಪದರದ ಮೇಲೆ ಪದರ ಒತ್ತಿ, ಮೇಜಿನ ಮೇಲಿಡುವ ಪುಟ್ಟ ಕುಲುಮೆಯಲ್ಲಿ ಬೇಯಿಸಿದರೆ ಬೇಕಾದ ಆಕಾರದ ತಾಮ್ರದ ಬಿಡಿಭಾಗ ಕೈಗೆ ಸಿಕ್ಕಬೇಕು. ದೊಡ್ಡ ಲೇಸರ್ ಯಂತ್ರ ಬೇಡ, ದೊಡ್ಡ ಕಾರ್ಖಾನೆ ಬೇಡ. ಗಲ್ಲಿಯಲ್ಲಿ ಅಪ್ಪ ಮಗ ನಡೆಸುವ ವರ್ಕ್‌ಶಾಪಿನವರೂ ತಮಗೆ ಬೇಕಾದ್ದನ್ನು ತಾವೇ ಪ್ರಿಂಟ್ ಮಾಡಿಕೊಳ್ಳಬಹುದು. ಕುರಾಮೋಚಿ ಸೆನ್ಸೇ (ಸೆನ್ಸೇ ಎಂದರೆ ನಮ್ಮಲ್ಲಿ ಮೇಷ್ಟ್ರು ಅಂದ ಹಾಗೆ) ಜೀವಮಾನವಿಡೀ ಕಂಡ ಕನಸು ಅದೊಂದೇ.

ಸಿಕ್ಕಬೇಕು ನಿಜ, ಸಿಕ್ಕುತ್ತಿರಲಿಲ್ಲ. ಒಣಗುವಾಗ ಬಿರುಕು ಬಿಡುತ್ತಿತ್ತು, ಬೇಯುವಾಗ ಒಳಗೆ ಸೂಜಿಮೊನೆಯಂಥ ತೂತು ಉಳಿಯುತ್ತಿತ್ತು. ತೂತಿದ್ದರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಶುದ್ಧ ತಾಮ್ರದಲ್ಲಿ ಹರಿಯುವುದರ ಅರ್ಧದಷ್ಟು ಹರಿದರೆ ಅದೇ ದೊಡ್ಡದು. ಇಡೀ ಲ್ಯಾಬಿನ ಚರಿತ್ರೆಯಲ್ಲಿ ಒಂದೇ ಒಂದು ತುಂಡು ಮಾತ್ರ ಹೆಚ್ಚುಕಮ್ಮಿ ಶುದ್ಧ ತಾಮ್ರಕ್ಕೆ ಸಮನಾಗಿ ಬಂದಿತ್ತು. ಹೆಬ್ಬೆರಳಿನ ಗಾತ್ರದ ಒಂದು ಸುರುಳಿ. ಅದನ್ನು ಮಾಡಿದವನು ರಘುನಂದನ್. ಪ್ರಬಂಧ ಪ್ರಕಟವಾಗಿ ಲೋಕವೆಲ್ಲ ಹೊಗಳಿತು. ಲ್ಯಾಬಿನ ಬಾಗಿಲ ಪಕ್ಕ ಒಂದು ಗಾಜಿನ ಪೆಟ್ಟಿಗೆ ಬಂತು, ಅದರೊಳಗೆ ವೆಲ್ವೆಟ್ ಬಟ್ಟೆ, ಅದರ ಮೇಲೆ ಆ ಸುರುಳಿ. ಬಂದ ಅತಿಥಿಗಳೆಲ್ಲ ಅದರ ಮುಂದೆ ನಿಂತು ತಲೆದೂಗುತ್ತಿದ್ದರು. ಅದನ್ನು ಹೊರಗೆ ತೆಗೆಯುವ ಮಾತನ್ನು ಯಾರೂ ಆಡುತ್ತಿರಲಿಲ್ಲ. ಜಪಾನಿನವರು ಒಂದು ವಸ್ತುವಿಗೆ ಮರ್ಯಾದೆ ಕೊಟ್ಟರೆಂದರೆ ಅದು ಪೂರ್ತಿ ಮರ್ಯಾದೆ.

ವೇದವಲ್ಲಿಗೆ ಒಪ್ಪಿಸಿದ ಕೆಲಸ ಇಷ್ಟೇ: ಅಂಥದ್ದೇ ಇನ್ನೊಂದು ಮಾಡು. ಮಾಡಿದಳು. ಒಡೆಯಿತು. ಮತ್ತೆ ಮಾಡಿದಳು. ಒಡೆಯಲಿಲ್ಲ, ಆದರೆ ಒಳಗೆಲ್ಲ ತೂತು. ಮೂರು ವರ್ಷ ಮಾಡಿದಳು. ಒಂದು ಸಲವೂ ಅರ್ಧ ದಾಟಲಿಲ್ಲ. ಪ್ರತಿ ಭಾನುವಾರ ರಘುನಂದನ್ ಬೆಂಗಳೂರಿನಿಂದ ತಪ್ಪದೆ ಫೋನ್ ಮಾಡುತ್ತಿದ್ದ. "ಈ ಸಲ ಕುಲುಮೆ ಇನ್ನೂ ನಿಧಾನ ಏರಿಸು." "ಇಂಕನ್ನ ಒಂದು ರಾತ್ರಿ ಹಾಗೇ ಬಿಟ್ಟು ನೋಡು." "ಕೊಳವೆ ತುದಿ ಬದಲಾಯಿಸು, ನಾನು ಅದೇ ಮಾಡಿದ್ದೆ." ಅವಳು ಹಾಗೇ ಮಾಡುತ್ತಿದ್ದಳು, ಹಾಗೇ ಸೋಲುತ್ತಿದ್ದಳು. ಕೊನೆಗೆ ಅವನದು ಒಂದೇ ಮಾತು: "ನಿನ್ನ ಕೈ ಇನ್ನೂ ಪಳಗಿಲ್ಲ ಕಣಮ್ಮ. ಪಳಗುತ್ತೆ. ಬಿಡಬೇಡ."

ಈ ಮಾತು ಕೇಳಿ ಕೇಳಿ ವೇದವಲ್ಲಿಗೆ ತನ್ನ ಕೈಗಳ ಮೇಲೇ ಅನುಮಾನ ಬಂತು. ಚಪಾತಿ ಲಟ್ಟಿಸುವಾಗ ಅಂಚು ಸೊಟ್ಟಗಾದರೂ "ನೋಡಿ, ನನ್ನ ಕೈಯೇ ಸರಿ ಇಲ್ಲ" ಎನ್ನುವಳು. ಮಗಳ ಜಡೆ ಹೆಣೆಯಲು ಕೂತರೆ ಎರಡೆರಡು ಸಲ ಬಿಚ್ಚಿ ಮತ್ತೆ ಹೆಣೆಯುವಳು. ಮುಕುಂದ "ಅಲ್ವೇ, ಅವನು ಮಾಡಿದ್ದನ್ನ ಪ್ರಪಂಚದಲ್ಲಿ ಇನ್ಯಾರಾದ್ರೂ ಮಾಡಿದಾರಾ?" ಎಂದು ಒಮ್ಮೆ ಕೇಳಿದ್ದಕ್ಕೆ, "ಅಣ್ಣನ ಕೈಗುಣ ಎಲ್ಲರಿಗೂ ಬರುತ್ತೇನ್ರೀ" ಎಂದು ಅವನ ಬಾಯಿ ಮುಚ್ಚಿಸಿದ್ದಳು.

ಆ ವರ್ಷದ ಚಳಿಗಾಲದಲ್ಲಿ ಸೆನ್ಸೇ ಒಂದು ಸಂಜೆ ತಾವೇ ಟೀ ತಂದುಕೊಟ್ಟು, "ವೇದವಲ್ಲಿ-ಸಾನ್, ಮಾರ್ಚ್ ಕಳೆದ ಮೇಲೆ ಏನು ಮಾಡಬೇಕೆಂದಿದ್ದೀರಿ?" ಎಂದು ಬಹಳ ಮೃದುವಾಗಿ ಕೇಳಿದರು (ಸಾನ್ ಎಂದರೆ ಹೆಸರಿನ ಮುಂದೆ ನಾವು ಅವರೇ ಅಂದ ಹಾಗೆ). ಅವಳು "ಇನ್ನೂ ಯೋಚಿಸಿಲ್ಲ" ಎಂದು ನಗುತ್ತಾ ಸೈಕಲ್ ಹತ್ತಿದಳು. ಅರ್ಧ ದಾರಿಗೆ ಬಂದ ಮೇಲೆ ತಿಳಿಯಿತು, ಅದು ಮಾರ್ಚಿಗೆ ಮುಗಿಯುವ ಕಾಂಟ್ರಾಕ್ಟನ್ನು ಮುಂದುವರಿಸುವುದಿಲ್ಲ ಎಂಬ ಮಾತು ಎಂದು. ಸೈಕಲ್ ನಿಲ್ಲಿಸಿ, ಹಗಲಿರುಳೂ ತೆರೆದಿರುವ ಕೊಂಬಿನಿ ಅಂಗಡಿಯ ದೀಪದ ಮುಂದೆ ಸುಮ್ಮನೆ ನಿಂತಳು. ಮನೆಯಲ್ಲಿ ಕೂರಬೇಕಲ್ಲ ಎಂಬ ಭಯವಲ್ಲ ಅದು. ಕೆಲಸ ಹೋದರೆ ತನ್ನ ಕೈಯಲ್ಲೇ ದೋಷ ಎಂಬುದು ಖಾತರಿಯಾಗಿಬಿಡುತ್ತದೆ, ಅದೇ ಅವಳನ್ನು ತಿನ್ನುತ್ತಿದ್ದದ್ದು. ಯಾರಾದರೂ ಒಬ್ಬರು, ಈ ಕೆಲಸ ಗೊತ್ತಿರುವ ಒಬ್ಬರು, ನಿನ್ನ ಕೈಯಲ್ಲಿ ತಪ್ಪಿಲ್ಲ ಎಂದು ಒಂದು ಸಲ ಹೇಳಿದ್ದರೆ ಅವಳಿಗೆ ಸಾಕಿತ್ತು.

ಇನ್ನು ಓಸೋಜಿಯ ದಿನಕ್ಕೆ ಬರೋಣ. ಡಿಸೆಂಬರ್ ಕೊನೆಯಲ್ಲಿ ಜಪಾನಿನ ಮನೆ, ಅಂಗಡಿ, ಆಫೀಸು, ಲ್ಯಾಬು ಎಲ್ಲವನ್ನೂ ಬುಡಮೇಲು ಮಾಡಿ ತೊಳೆಯುತ್ತಾರೆ, ಅದೇ ಓಸೋಜಿ. ನಮ್ಮಲ್ಲಿ ಹಬ್ಬಕ್ಕೆ ಮುಂಚೆ ಮನೆ ಸಾರಿಸಿದ ಹಾಗೆ. ಪ್ರೊಫೆಸರರೂ ಪೊರಕೆ ಹಿಡಿಯುತ್ತಾರೆ, ಅವತ್ತು ಯಾರೂ ದೊಡ್ಡವರಲ್ಲ. ಲ್ಯಾಬಿನ ಹಿರಿಯ ತಂತ್ರಜ್ಞೆ ನೆಮೋತೋ-ಸಾನ್ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸ ಹಂಚಿದರು. ವೇದವಲ್ಲಿಗೆ ಬಂದದ್ದು ಬಾಗಿಲ ಬದಿ.

ಬಾಗಿಲ ಮೇಲೆ ಲ್ಯಾಬಿನ ಹೆಸರು ಕೊರೆದ ತಾಮ್ರದ ಫಲಕವೊಂದಿತ್ತು, ಕರಿ ಹಿಡಿದು ಅಕ್ಷರವೇ ಕಾಣದ ಹಾಗಾಗಿತ್ತು. ಅದನ್ನು ನೋಡಿದಾಗಲೆಲ್ಲ ವೇದವಲ್ಲಿಯ ಕೈ ತುರಿಸುತ್ತಿತ್ತು. ಈ ಸಲ ತಯಾರಾಗಿಯೇ ಬಂದಿದ್ದಳು. ಟೋಕಿಯೋದ ನಿಶಿ ಕಸಾಯಿಯ ಇಂಡಿಯನ್ ಅಂಗಡಿಯಿಂದ ಮುಕುಂದ ತಂದಿದ್ದ ಹುಣಸೆಹಣ್ಣಿನಲ್ಲಿ ಒಂದು ಉಂಡೆ ನೆನೆಸಿ, ಚಿಟಿಕೆ ಉಪ್ಪು ಹಾಕಿ, ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದಳು. ಹಚ್ಚಿ ನಾಲ್ಕು ಸಲ ಉಜ್ಜಿದ್ದೇ ತಡ, ಫಲಕ ಥಳಥಳ ಹೊಳೆಯಿತು. ಸುತ್ತ ಸೇರಿದವರೆಲ್ಲ "ಸುಗೋಯಿ, ಸುಗೋಯಿ" ಎಂದು ಕಣ್ಣರಳಿಸಿದರು, ಭೇಷ್ ಅಂದ ಹಾಗೆ. ನೆಮೋತೋ-ಸಾನ್ ಅಂತೂ ಹುಣಸೆಹಣ್ಣನ್ನು ಮೂಸಿ ನೋಡಿ, "ಇದು ತಿನ್ನುವುದೇ?" ಎಂದು ಮೂರು ಸಲ ಕೇಳಿದರು.

ಮೂರು ವರ್ಷದಲ್ಲಿ ಆ ಲ್ಯಾಬಿನಲ್ಲಿ ವೇದವಲ್ಲಿಯ ಕೈಗೆ ಸಿಕ್ಕ ಮೊದಲ ಹೊಗಳಿಕೆ ಅದು. ಪಾಪ, ತಲೆಗೇರಿತು. ಎಲ್ಲರೂ ತಮ್ಮ ತಮ್ಮ ಮೂಲೆಗೆ ಹೋದರು. ಅವಳು ಗಾಜಿನ ಪೆಟ್ಟಿಗೆ ಒರೆಸಲು ತೆರೆದಳು. ಸುರುಳಿಯೂ ಕಪ್ಪಾಗಿತ್ತು. ಹೊಸ ವರ್ಷಕ್ಕೆ ಅತಿಥಿಗಳು ಬರುವವರಿದ್ದರು. ಲ್ಯಾಬಿನ ಸ್ಯಾಂಪಲ್ ಮುಟ್ಟಬಾರದು ಎಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು, ಅವಳಿಗೆ ಗೊತ್ತಿಲ್ಲವೇ? ಆದರೆ ಆ ಹೊತ್ತಿನಲ್ಲಿ ಅದು ಸ್ಯಾಂಪಲ್ ಆಗಿರಲಿಲ್ಲ, ರಘು ಅಣ್ಣನ ಸುರುಳಿಯಾಗಿತ್ತು, ಹಬ್ಬದ ಮುಂಚಿನ ದೇವರ ತಂಬಿಗೆಯಾಗಿತ್ತು. ಪಿಎಚ್‌ಡಿ ಮಾಡಿದ ಹೆಂಗಸು ಅದನ್ನು ಹುಣಸೆಹಣ್ಣಿನ ಡಬ್ಬಿಯಲ್ಲಿ ಅದ್ದಿಬಿಟ್ಟಳು. ನಮ್ಮವರನ್ನು ಬಿಟ್ಟು ಇನ್ಯಾರು ಮಾಡಿಯಾರು ಇಂಥ ಕೆಲಸ.

ಕಪ್ಪು ಬಿಟ್ಟಿತು. ಬೆರಳಲ್ಲಿ ಉಜ್ಜಿದಳು. ಕಪ್ಪಿನ ಜೊತೆಗೆ ಇನ್ನೇನೋ ಹಕ್ಕಳೆ ಹಕ್ಕಳೆಯಾಗಿ ಎದ್ದು ಬಂತು. ಪದರಗಳು! ಅಚ್ಚು ಹಾಕಿದ ಪದರಗಳನ್ನೇ ಕಿತ್ತುಬಿಟ್ಟೆನಲ್ಲ, ಲ್ಯಾಬಿನ ಮಾನವನ್ನೇ ತೊಳೆದುಬಿಟ್ಟೆನಲ್ಲ ಎಂದು ಕೈಕಾಲು ತಣ್ಣಗಾದವು. ನೀರಿಗೆ ಹಿಡಿದು, ಬಟ್ಟೆಯಲ್ಲಿ ಒತ್ತಿ, ಕಿಟಕಿಯ ಬೆಳಕಿಗೆ ತಂದಳು. ಎಷ್ಟು ಹಾಳಾಗಿದೆ ನೋಡೋಣ ಎಂದು.

ಹಾಳಾಗಿರಲಿಲ್ಲ. ಅದೇ ತೊಂದರೆ. ಸಿಪ್ಪೆ ಸುಲಿದ ಒಳಗೆ ನುಣುಪಾದ, ಹೊಳೆಯುವ, ಒಂದು ಚೂರೂ ಕುಂದಿಲ್ಲದ ತಾಮ್ರ. ಅವಳ ಕಣ್ಣು ಅದರ ಮೇಲಿನ ಗೀರುಗಳ ಮೇಲೆ ನಿಂತಿತು. ಪದರ ಪದರವಾಗಿ ಕಟ್ಟಿದ್ದರೆ ಗೀರು ಒಂದರ ಮೇಲೊಂದು ಅಡ್ಡಡ್ಡ ಇರಬೇಕು. ಇಲ್ಲಿ ಕೂದಲೆಳೆಯಂಥ ಗೀರುಗಳು ಸುರುಳಿಯ ಉದ್ದಕ್ಕೂ, ತಿರುವಿನ ಜೊತೆ ತಿರುಗುತ್ತಾ, ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದಿದ್ದವು. ತಂತಿಯನ್ನು ಅಚ್ಚಿನ ತೂತಿನಿಂದ ಎಳೆದಾಗ ಬೀಳುವ ಗೀರು ಅದು. ಸುರುಳಿಯ ಒಳಬದಿಯಲ್ಲಿ, ತುದಿಯ ಹತ್ತಿರ, ಸಾಲಾಗಿ ಪುಟ್ಟ ಪುಟ್ಟ ತಗ್ಗುಗಳಿದ್ದವು. ಇಕ್ಕಳದ ಹಲ್ಲಿನ ಗುರುತು.

ಯಾರೋ ಅಂಗಡಿಯ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಬಾಗಿಸಿ, ಮೇಲೆ ತೆಳ್ಳಗೆ ನ್ಯಾನೋ ಇಂಕು ಒತ್ತಿ, ಬೇಯಿಸಿ, ಪ್ರಿಂಟ್ ಮಾಡಿದ್ದು ಎಂದು ಇಟ್ಟಿದ್ದರು. ವಿದ್ಯುತ್ ಶುದ್ಧ ತಾಮ್ರದಲ್ಲಿ ಹರಿದಂತೆ ಹರಿಯದೆ ಇನ್ನೇನಾದೀತು? ಅದು ಶುದ್ಧ ತಾಮ್ರವೇ ಆಗಿತ್ತಲ್ಲ. ವೇದವಲ್ಲಿ ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತಳು. ಇಲ್ಲ, ನನ್ನ ಕಣ್ಣೇ ಸರಿಯಿಲ್ಲ, ನನಗೆ ತಲೆ ಕೆಟ್ಟಿದೆ ಎಂದು ಮತ್ತೆ ಮತ್ತೆ ನೋಡಿದಳು. ನೋಡಿದಷ್ಟೂ ಅದು ತಂತಿಯೇ.

ಅವಳು ಅಲುಗಾಡದೆ ನಿಂತದ್ದನ್ನು ಕಂಡು ನೆಮೋತೋ-ಸಾನ್ ಬಂದರು. ಸುರುಳಿ ನೋಡಿದರು. ಭೂತಗನ್ನಡಿ ತಂದು ನೋಡಿದರು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಸೆನ್ಸೇಯನ್ನು ಕರೆತಂದರು.

ವೇದವಲ್ಲಿ ಸೊಂಟದವರೆಗೆ ಬಾಗಿದಳು. "ಸುಮಿಮಾಸೆನ್ ಸೆನ್ಸೇ, ಕ್ಷಮಿಸಿ. ಕೇಳದೆ ತೊಳೆದೆ. ನನ್ನ ತಪ್ಪು." ಅವಳಿಗೆ ಇನ್ನೂ ಒಳಗೊಳಗೆ ಒಂದಾಸೆ. ಸೆನ್ಸೇ ರೇಗಲಿ, ಅಷ್ಟು ಅಮೂಲ್ಯವಾದದ್ದನ್ನು ಕೆಡಿಸಿದೆ ಎಂದು ಬೈಯಲಿ. ಬೈದರೆ ಸುರುಳಿ ನಿಜ ಅಂತಾಗುತ್ತದೆ, ರಘು ಅಣ್ಣ ನಿಜ ಅಂತಾಗುತ್ತದೆ.

ಸೆನ್ಸೇ ಬೈಯಲಿಲ್ಲ. ಕನ್ನಡಕ ಹಣೆಗೇರಿಸಿ ಸುರುಳಿಯನ್ನು ಕಣ್ಣಿನ ಹತ್ತಿರ ತಂದರು. ನಲವತ್ತು ವರ್ಷ ತಾಮ್ರದೊಂದಿಗೇ ಬಾಳಿದ ಮನುಷ್ಯ, ಒಂದು ನೋಟ ಸಾಕಾಯಿತು. ಮುಖ ಸುಣ್ಣದ ಹಾಗೆ ಬಿಳಿಚಿತು. ಯಾರೂ ಕತ್ತರಿಸಲು ಧೈರ್ಯ ಮಾಡದ ಆ ಸುರುಳಿಯನ್ನು ಅವರೇ ಸಣ್ಣ ಗರಗಸಕ್ಕೆ ಕೊಟ್ಟು ತುದಿಯಲ್ಲಿ ಒಂದು ಚೂರು ಕತ್ತರಿಸಿದರು. ಮುಖ ನುಣುಪು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಇಂಕಿನಿಂದ ಮಾಡಿದ್ದು ಎಷ್ಟೇ ಚೆನ್ನಾಗಿದ್ದರೂ ಅಲ್ಲೊಂದು ಇಲ್ಲೊಂದು ತೂತು ಇದ್ದೇ ಇರುತ್ತದೆ. ಇದರಲ್ಲಿ ಹುಡುಕಿದರೂ ಒಂದು ತೂತು ಸಿಕ್ಕಲಿಲ್ಲ.

ಸೆನ್ಸೇ ಎದ್ದು ನಿಂತು, "ಸ್ವಚ್ಛ ಮಾಡುವುದನ್ನು ಮುಗಿಸೋಣ" ಎಂದರು.

ಮುಗಿಸಿದರು! ಅದನ್ನು ಹೇಳುವಾಗ ಈಗಲೂ ವೇದವಲ್ಲಿಯ ಮೈ ಜುಮ್ಮೆನ್ನುತ್ತದೆ. ನಮ್ಮಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಊರು ಒಂದಾಗುತ್ತಿತ್ತು. ಅವರು ಒಬ್ಬರೂ ತುಟಿ ಬಿಚ್ಚದೆ ಕಿಟಕಿ ಒರೆಸಿದರು, ನೆಲ ತಿಕ್ಕಿದರು, ಕಸದ ಚೀಲಗಳಿಗೆ ಗಂಟು ಹಾಕಿ ಬಣ್ಣದ ಪ್ರಕಾರ ಜೋಡಿಸಿದರು. ಸೆನ್ಸೇ ಸಿಂಕಿನ ಕೆಳಗೆ ಮಂಡಿಯೂರಿ ಪೈಪು ತೊಳೆದರು. ವೇದವಲ್ಲಿ ಅದೇ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದಳು, ಯಾರಾದರೂ ಕೂಗಾಡಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು.

ಎಲ್ಲ ಮುಗಿದ ಮೇಲೆ ಸೆನ್ಸೇ ಕೈ ತೊಳೆದುಕೊಂಡು ಬಂದು, ಎಲ್ಲರನ್ನೂ ನಿಲ್ಲಿಸಿ, ವೇದವಲ್ಲಿಯ ಎದುರು ನಿಂತರು. ತಲೆ ಬಾಗಿಸಿದರು. ಬರಿಯ ತಲೆಯಲ್ಲ, ಬೆನ್ನು ನೆಲಕ್ಕೆ ಸಮನಾಗುವವರೆಗೆ ಬಾಗಿದರು, ಬಾಗಿದವರು ಏಳಲೇ ಇಲ್ಲ. ಅಪ್ಪನ ವಯಸ್ಸಿನ ಮನುಷ್ಯ. ಅವಳಿಗೆ ದಿಕ್ಕೇ ತೋಚಲಿಲ್ಲ, "ಬೇಡ ಸೆನ್ಸೇ, ಬೇಡ" ಎಂದು ತಾನೂ ಬಾಗಿದಳು.

"ನಿಮ್ಮ ಮೂರು ವರ್ಷಗಳನ್ನು ನಾನು ಹಾಳು ಮಾಡಿದೆ" ಎಂದರು ಸೆನ್ಸೇ, ಬಾಗಿದ ಹಾಗೆಯೇ. "ಇದನ್ನು ನನ್ನ ಕಣ್ಣೆದುರು ಇನ್ನೊಮ್ಮೆ ಮಾಡಿ ತೋರಿಸಿ ಎಂದು ನಾನು ರಘುನಂದನ್-ಸಾನ್ ಅವರನ್ನು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಅವರಿಗೆ ಅವಮಾನವಾದೀತು ಎಂದುಕೊಂಡೆ. ಇದು ನಿಜವಾಗಲಿ ಎಂದು ನನಗೂ ಬಹಳ ಆಸೆಯಿತ್ತು." ಅವತ್ತೇ ವಿಶ್ವವಿದ್ಯಾ‌ಲಯಕ್ಕೆ, ಪ್ರಬಂಧ ಪ್ರಕಟಿಸಿದ ಪತ್ರಿಕೆಗೆ, ರಘುನಂದನನಿಗೆ ಮೇಲ್ ಕಳಿಸುವುದಾಗಿ ಹೇಳಿ ತಮ್ಮ ಕೋಣೆಗೆ ಹೋದರು. ನಿವೃತ್ತಿಗೆ ಹತ್ತಿರವಾದವರು. ಇನ್ನು ಅವರ ಹೆಸರಿನ ಜೊತೆ ಈ ತಂತಿಯೂ ಅಂಟಿಕೊಂಡೇ ಇರುತ್ತದೆ.

ವೇದವಲ್ಲಿ ಮನೆಗೆ ಬಂದು ಮುಕುಂದನಿಗೆ ಹೇಳಿದಳು. ಅವನು ಕೆಂಡಾಮಂಡಲವಾದ. "ಮೂರು ವರ್ಷ ಕಿವಿ ಮೇಲೆ ಹೂ ಇಟ್ಟಿದಾನಲ್ಲೇ ಅವನು! ಪ್ರತಿ ಭಾನುವಾರ ಫೋನ್ ಮಾಡಿ ಇಟ್ಟಿದಾನೆ!"

"ಸುಮ್ನಿರಿ" ಎಂದಳು ವೇದವಲ್ಲಿ. "ಅಣ್ಣ ಹಾಗೆ ಮಾಡೋರಲ್ಲ. ಯಾರೋ ಬದಲಾಯಿಸಿರ್ತಾರೆ."

"ಯಾರು ಬದಲಾಯಿಸ್ತಾರೆ? ಬೀಗ ಇಲ್ದೇ ಇರೋ ಪೆಟ್ಟಿಗೇನೂ ಮುಟ್ಟದ ಜನ ಅವರು. ಮುಟ್ಟಿದೋಳು ನೀನೊಬ್ಳೇ."

ಅವಳು ಕೇಳಲಿಲ್ಲ. ನೋಡಿ, ಕಣ್ಣಾರೆ ಕಂಡಿದ್ದಾಳೆ, ಇಕ್ಕಳದ ಹಲ್ಲನ್ನು ಬೆರಳಿನಿಂದ ಮುಟ್ಟಿದ್ದಾಳೆ, ಆದರೂ ಮನಸ್ಸು ಒಪ್ಪುತ್ತಿಲ್ಲ. ಮದುವೆಯಲ್ಲಿ ಸಾರು ಬಡಿಸಿದ ಮನುಷ್ಯನನ್ನು ಅಷ್ಟು ಸುಲಭವಾಗಿ ಕಳ್ಳ ಎನ್ನಲು ಬರುತ್ತದೆಯೇ? ಅಲ್ಲಿಂದ ಭಾನುವಾರದವರೆಗೆ ಅವಳು ಉಂಡದ್ದಕ್ಕೆ ರುಚಿ ಕಾಣಲಿಲ್ಲ. ಅಣ್ಣ ಫೋನ್ ಮಾಡುತ್ತಾರೆ, ಏನೋ ಒಂದು ಹೇಳುತ್ತಾರೆ, ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಮಧ್ಯಾಹ್ನ ಫೋನ್ ಬಂತು. ಮುಕುಂದ ತರಕಾರಿ ಹೆಚ್ಚುತ್ತಿದ್ದ. ಹರ್ಷಿಣಿ ನಡುಮನೆಯಲ್ಲಿ ಕೂತು ಹೊಸ ವರ್ಷದ ಕಾರ್ಡುಗಳಿಗೆ ಬಣ್ಣ ಹಚ್ಚುತ್ತಿದ್ದಳು. ವೇದವಲ್ಲಿ ಅಡುಗೆಮನೆಯ ಬಾಗಿಲಲ್ಲೇ ನಿಂತು ಫೋನೆತ್ತಿದಳು.

"ವೇದಾ, ಏನಮ್ಮಾ ಇದು? ಸೆನ್ಸೇ ಏನೇನೋ ಮೇಲ್ ಹಾಕಿದಾರೆ. ಏನ್ ಹಾಕಿ ತೊಳೆದೆ ನೀನು?"

"ಹುಣಸೆಹಣ್ಣು, ಅಣ್ಣಾ."

ರಘುನಂದನ್ ನಕ್ಕ. "ಹುಣಸೆಹಣ್ಣಾ? ರೀಸರ್ಚ್ ಲ್ಯಾಬಲ್ಲಿ? ಅಲ್ಲಮ್ಮಾ..."

"ಅಣ್ಣಾ, ಅದು ತಂತಿ."

ನಗು ನಿಂತಿತು. ವೇದವಲ್ಲಿಯೇ ಅವಸರವಾಗಿ ಹೇಳಿದಳು. "ಯಾರೋ ಬದಲಾಯಿಸಿರ್ಬೇಕು ಅಲ್ವಾ ಅಣ್ಣಾ? ನೀವು ಮಾಡಿದ್ದು ಬೇರೆ ಇತ್ತು ಅಲ್ವಾ? ಹಾಗಂತ ಹೇಳಿ, ನಾನು ಸೆನ್ಸೇಗೆ ಹೇಳ್ತೀನಿ." ತಪ್ಪಿಸಿಕೊಳ್ಳುವ ದಾರಿಯನ್ನು ತಾನೇ ತೆರೆದು ಹಿಡಿದಳು ಮಹಾತಾಯಿ.

ಅವನು ಆ ದಾರಿಯಲ್ಲಿ ಹೋಗಲಿಲ್ಲ. ಅವನಿಗೆ ಅದಕ್ಕಿಂತ ಸುಲಭದ್ದು ಕಂಡಿತ್ತು. "ಕೇಳು ಇಲ್ಲಿ" ಎಂದ ತಗ್ಗಿದ ದನಿಯಲ್ಲಿ. "ಆಸಿಡ್ ಬಿದ್ದು ಸರ್ಫೇಸ್ ಪೂರ್ತಿ ಹಾಳಾಗಿದೆ, ಇನ್ನು ಆ ಪೀಸ್ ನೋಡಿ ಏನೂ ಡಿಸೈಡ್ ಮಾಡೋಕಾಗಲ್ಲ ಅಂತ ನೀನು ಹೇಳ್ಬಿಡು. ತೊಳೆಯುವಾಗ ಏನೋ ಗಾಬರಿಯಲ್ಲಿ ಬೇರೆ ಪೀಸ್ ಜೊತೆ ಮಿಕ್ಸ್ ಆಯ್ತು ಅಂತ ಬೇಕಾದ್ರೂ ಹೇಳು. ತಪ್ಪು ನಿಂದೇ ಅಂತ ಒಪ್ಕೊಂಡ್ಬಿಟ್ರೆ ಅಲ್ಲಿಗೆ ಮುಗೀತು. ಅವರು ನಿನಗೇನೂ ಮಾಡಲ್ಲ."

"ನನ್ನ ತಪ್ಪು ಅಂತಲಾ?"

"ಹೇಗೂ ಮಾರ್ಚಿಗೆ ನಿನ್ನ ಕಾಂಟ್ರಾಕ್ಟ್ ಮುಗಿಯುತ್ತಲ್ಲಮ್ಮ. ನಿಂಗೇನು ಹೋಗುತ್ತೆ ಹೇಳು? ನಂದು ಹಾಗಲ್ಲ. ಇಲ್ಲಿ ನನ್ನ ಕೈಕೆಳಗೆ ಎಷ್ಟು ಸ್ಟೂಡೆಂಟ್ಸ್ ಇದಾರೆ ಗೊತ್ತಾ? ನನ್ನ ಮಕ್ಕಳ ಮುಖ ನೋಡು."

ಮಾರ್ಚಿನ ವಿಷಯ ಅವಳು ಗಂಡನಿಗೆ ಬಿಟ್ಟರೆ ಹೇಳಿಕೊಂಡು ಅತ್ತದ್ದು ಈ ಮನುಷ್ಯನ ಮುಂದೆ ಮಾತ್ರ. ಅವನು ಅದನ್ನೇ ಎತ್ತಿಕೊಂಡು ಹೊಡೆದಿದ್ದ.

"ಅಣ್ಣಾ, ಇಂಕನ್ನ ಒಂದು ರಾತ್ರಿ ಹಾಗೇ ಬಿಡು ಅಂದಿದ್ರಲ್ಲ?" ಎಂದಳು ಮೆಲ್ಲಗೆ.

"ಯಾವುದು?"

"ಕುಲುಮೆ ನಿಧಾನ ಏರಿಸು ಅಂದ್ರಿ. ಕೊಳವೆ ತುದಿ ಬದಲಾಯಿಸು, ನಾನು ಅದೇ ಮಾಡಿದ್ದೆ ಅಂದ್ರಿ. ಎಲ್ಲಾ ಮಾಡಿದೆ ನಾನು. ಅದೆಲ್ಲ ಏನು?"

ಆ ಕಡೆ ಅವನು ನಿಟ್ಟುಸಿರು ಬಿಟ್ಟ. "ಏನಾದ್ರೂ ಹೇಳ್ಬೇಕಿತ್ತಲ್ಲ ವೇದಾ. ನೀನು ಕೇಳ್ತಿದ್ದೆ."

ವೇದವಲ್ಲಿ ಬಾಗಿಲ ಚೌಕಟ್ಟಿಗೆ ಒರಗಿದಳು. ಹರ್ಷಿಣಿ ತಲೆಯೆತ್ತಿ, "ಮಾಮಾ, ದಾಯ್‌ಜೋಬು?" ಎಂದು ಕೇಳಿದಳು. ಅಮ್ಮಾ, ಹುಷಾರಾಗಿದ್ದೀಯಾ ಅಂತ. ಅವಳು ತಲೆಯಾಡಿಸಿದಳು, ಹೌದೆಂದೋ ಇಲ್ಲವೆಂದೋ ಮಗುವಿಗೆ ತಿಳಿಯಲಿಲ್ಲ. ಮುಕುಂದ ಚಾಕು ಕೆಳಗಿಟ್ಟು ಹತ್ತಿರ ಬಂದು ನಿಂತ.

"ನಾನು ಸುಳ್ಳು ಹೇಳಲ್ಲ, ರಘುನಂದನ್ ಅವರೇ" ಎಂದಳು ವೇದವಲ್ಲಿ. "ನಾನು ಕಂಡಿದ್ದನ್ನ ಕಂಡ ಹಾಗೆ ಹೇಳ್ತೀನಿ."

ಅಣ್ಣ ಎನ್ನದೆ ಹೆಸರು ಹಿಡಿದು ಕರೆದದ್ದು ಅವನಿಗೆ ತಾಗಿರಬೇಕು. ಆಮೇಲೆ ಬಂದ ದನಿ ಬೇರೆಯೇ ಆಗಿತ್ತು, ಬೆಣ್ಣೆಯೆಲ್ಲ ಕರಗಿ ಹೋಗಿತ್ತು.

"ಮೋಸ ಮಾಡ್ಬೇಕು ಅಂತ ಶುರು ಮಾಡಿದ್ದಲ್ಲ ಕಣಮ್ಮ. ರಿಸಲ್ಟ್ ತೋರಿಸೋ ದಿನ ಬಂದ್ಬಿಡ್ತು, ಕೈಯಲ್ಲಿ ಏನೂ ಇರ್ಲಿಲ್ಲ. ಈಗ ಇದನ್ನ ತೋರಿಸಿ ಆಮೇಲೆ ನಿಜವಾಗ್ಲೂ ಮಾಡಿಬಿಡೋಣ ಅಂದ್ಕೊಂಡೆ. ಎಷ್ಟು ಒದ್ದಾಡಿದ್ರೂ ನನ್ನ ಕೈಲಿ ಆಗ್ಲೇ ಇಲ್ಲ. ಅದಕ್ಕೇ ನಿನ್ನನ್ನ ಕಳಿಸಿದ್ದು. ನಿನ್ನಂಥ ಕೈ ನಾನು ಎಲ್ಲೂ ನೋಡಿಲ್ಲ ವೇದಾ, ಪಿಎಚ್‌ಡಿ ಟೈಮಿಂದ ಗೊತ್ತು ನಂಗೆ. ಯಾರಾದ್ರೂ ಮಾಡಿದ್ರೆ ನೀನೇ ಮಾಡ್ತೀಯ ಅಂತ ನಂಬಿದ್ದೆ. ನೀನು ಒಂದೇ ಒಂದು ಸಲ ಮಾಡಿಬಿಟ್ಟಿದ್ರೆ, ನಂದೂ ನಿಜ ಆಗಿಬಿಡ್ತಿತ್ತು."

ವೇದವಲ್ಲಿ ಫೋನನ್ನು ಕಿವಿಯಿಂದ ತೆಗೆದು, ಕಟ್ ಮಾಡಿ, ಹೆಚ್ಚಿಟ್ಟ ತರಕಾರಿಯ ಪಕ್ಕದಲ್ಲಿಟ್ಟಳು.

"ಏನಂತೆ?" ಎಂದ ಮುಕುಂದ.

"ನನ್ನ ಕೈ ತುಂಬಾ ಚೆನ್ನಾಗಿದೆಯಂತೆ ರೀ" ಎಂದಳು. "ಅವರಿಗೆ ಮೊದಲಿಂದ್ಲೂ ಗೊತ್ತಿತ್ತಂತೆ." ಇಷ್ಟು ಹೇಳಿ ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು.